ಗರುಡಾಚಾರ್‌ಪಾಳ್ಯದಿಂದ ಸುಲ್ತಾನ್‌ಪೇಟೆಗೆ: ಕಾಗದದ ಜಾಡು ಹಿಡಿದು

ಡಿಸೆಂಬರ್ ತಿಂಗಳ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿಕೊಂಡು ಗರುಡಾಚಾರ್‌ಪಾಳ್ಯದ ಮೆಟ್ರೊ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ನಾವು ಏಳು ಜನ ಕೂಡಿದ್ದೆವು. ಏಳನೇ ತರಗತಿಯ ಮೂವರು ಹುಡುಗಿಯರು, ಮೂವರು ಹುಡುಗರು, ಜೊತೆಗೆ ವಿಜ್ಞಾನದ ಮೇಷ್ಟರಾದ ನಾನು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಹಳೆಯ ಲಗ್ನಪತ್ರಿಕೆ. ಯಾರ ಮದುವೆಯೋ, ಯಾವ ವರ್ಷದ್ದೋ, ಕೆಲವರಿಗೆ ಅದೂ ಗೊತ್ತಿಲ್ಲ. ನಮ್ಮ ದಿಬ್ಬಣವನ್ನು ಕಂಡ ಕಾವಲುಗಾರ ನಗುತ್ತ ಕೇಳಿದ: "ಯಾರ ಮದುವೆಗೆ ಸಾರ್?"

"ಮದುವೆಗಲ್ಲಪ್ಪ, ಕಾಗದ ತರೋಕೆ ಸುಲ್ತಾನ್‌ಪೇಟೆಗೆ."

"ಕಾಗದ ಇಲ್ಲೇ ಸಿಗುತ್ತಲ್ಲ ಸಾರ್!"

ಅವನ ಮಾತು ಸರಿಯೇ. ನಿಲ್ದಾಣದಿಂದ ಇಳಿದು ಐದು ನಿಮಿಷ ನಡೆದರೆ ಪಾಳ್ಯದ ಒಳಗೆ ಮೂರು ಫ್ಯಾನ್ಸಿ ಸ್ಟೋರುಗಳಿವೆ, ಎರಡು ಜೆರಾಕ್ಸ್ ಅಂಗಡಿಗಳಿವೆ. ಬಣ್ಣದ ಕಾಗದ, ಚಮ್ಕಿ, ಅಂಟು, ರೆಡಿಮೇಡ್ ಗ್ರೀಟಿಂಗ್ ಕಾರ್ಡು ಎಲ್ಲವೂ ಸಿಗುತ್ತವೆ. ಹಾಗಿದ್ದೂ ಆರು ಮಕ್ಕಳನ್ನು ಕಟ್ಟಿಕೊಂಡು ಊರಿನ ಆ ತುದಿಗೆ ಏಕೆ ಹೊರಟೆ ಎಂಬುದನ್ನು ಹೇಳುವುದಕ್ಕೇ ಈ ಬರಹ.

ಪಾಳ್ಯದ ಒಳಗೆ

ನಾನು ಈ ಕಡೆಗೆ ಮೊದಲು ಬಂದದ್ದು 1996ರಲ್ಲಿ, ಹೊಸದಾಗಿ ಬಿ.ಇಡಿ. ಮುಗಿಸಿ ಕೆಲಸ ಹುಡುಕಿಕೊಂಡು. ಕೃಷ್ಣರಾಜಪುರದ ಕಡೆಯಿಂದ ಬಂದರೆ ದೂರವಾಣಿನಗರದ ಐಟಿಐ ಕಾರ್ಖಾನೆ, ಆಮೇಲೆ ಮಹದೇವಪುರದ ಕೈಗಾರಿಕಾ ಪ್ರದೇಶ, ಅದನ್ನು ದಾಟಿದರೆ ಪಾಳ್ಯ. ಐಟಿಐ 1948ರಲ್ಲಿ ಶುರುವಾದದ್ದು. ದೇಶಕ್ಕೆ ಟೆಲಿಫೋನು ಮಾಡಿಕೊಟ್ಟ ಆ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ ರಸ್ತೆಯಲ್ಲಿ ಸೈಕಲ್ಲುಗಳ ಹೊಳೆ ಹರಿಯುತ್ತಿದ್ದುದು ನನಗಿನ್ನೂ ನೆನಪಿದೆ. ಈಗ ಅದೇ ರಸ್ತೆಯ ನೆತ್ತಿಯ ಮೇಲೆ ರೈಲು ಓಡುತ್ತದೆ. ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗಿನ ಮೆಟ್ರೊ 2023ರ ಮಾರ್ಚ್‌ನಲ್ಲಿ ಆರಂಭವಾಯಿತು. ಅದೇ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯ ಕೊಂಡಿಯೂ ಕೂಡಿಕೊಂಡು, ಪಾಳ್ಯದಲ್ಲಿ ಹತ್ತಿದವರು ನೇರ ಮೆಜೆಸ್ಟಿಕ್ಕಿನಲ್ಲಿ ಇಳಿಯುವಂತಾಯಿತು.

ಮೇಲೆ ರೈಲು ಬಂದರೂ ಕೆಳಗಿನ ಓಣಿಗಳಲ್ಲಿ ಪಾಳ್ಯದ ಬದುಕು ತನ್ನ ಪಾಡಿಗೆ ಸಾಗಿದೆ. ಒಂದು ಕಡೆ ಗಾಜಿನ ಗೋಡೆಯ ಕಚೇರಿಗಳು, ಹದಿನೈದು ಅಂತಸ್ತಿನ ಅಪಾರ್ಟ್‌ಮೆಂಟುಗಳು. ಇನ್ನೊಂದು ಕಡೆ ಸಾಲು ವಠಾರಗಳು. ನಮ್ಮ ಶಾಲೆಗೆ ಎರಡೂ ಕಡೆಯಿಂದ ಮಕ್ಕಳು ಬರುತ್ತಾರೆ. ಒಬ್ಬನ ತಂದೆ ಕಂಪ್ಯೂಟರ್ ಮುಂದೆ ಕೂತರೆ ಇನ್ನೊಬ್ಬನ ತಂದೆ ಅದೇ ಕಟ್ಟಡಕ್ಕೆ ಗಾರೆ ಹಾಕುತ್ತಾರೆ. ಕಲಬುರಗಿ, ರಾಯಚೂರು, ಚಿತ್ತೂರು, ಇನ್ನೂ ದೂರದ ಬಿಹಾರ, ಒಡಿಶಾಗಳಿಂದ ಬಂದವರು. ಮಕ್ಕಳೆಲ್ಲರಲ್ಲೂ ಒಂದು ಸಮಾನ ಅಂಶವಿದೆ: ಅವರ ಅಜ್ಜಿಯರು ಬೇರೆ ಊರಿನಲ್ಲಿದ್ದಾರೆ.

ಆದ್ದರಿಂದಲೇ ಪ್ರತಿ ಡಿಸೆಂಬರ್‌ನಲ್ಲಿ ನಾನು ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಹೊಸ ವರ್ಷಕ್ಕೋ ಸಂಕ್ರಾಂತಿಗೋ ಸಲ್ಲುವಂತೆ ಅಜ್ಜಿಗೆ ಒಂದು ಶುಭಾಶಯ ಪತ್ರ ಮಾಡಬೇಕು. ಕೊಂಡು ತರುವಂತಿಲ್ಲ. ಲಕೋಟೆಯನ್ನೂ ತಾವೇ ಮಾಡಿ, ಚೀಟಿ ಅಂಟಿಸಿ, ಕೆಂಪು ಡಬ್ಬಿಗೆ ಹಾಕಬೇಕು. ತರಗತಿಯಲ್ಲಿ "ಯಾರಾದರೂ ಅಂಚೆಯಲ್ಲಿ ಕಾಗದ ಹಾಕಿದ್ದೀರಾ?" ಎಂದು ಕೇಳಿದಾಗ ನಲವತ್ತು ಮಕ್ಕಳಲ್ಲಿ ಒಂದು ಕೈಯೂ ಮೇಲೆ ಏಳಲಿಲ್ಲ.

ಚಿನ್ನದಂಗಡಿಯ ತಕ್ಕಡಿ

ಮಕ್ಕಳು ಮೊದಲ ವಾರ ಪಾಳ್ಯದ ಅಂಗಡಿಯಿಂದಲೇ ದಪ್ಪ ಹಾಳೆ ತಂದರು. ಎ-4 ಅಳತೆ, 250 ಜಿಎಸ್‌ಎಂ ಎಂದು ಕಟ್ಟಿನ ಮೇಲೆ ಅಚ್ಚಾಗಿತ್ತು. ಮಡಿಸಿದರು, ಚಿತ್ರ ಬರೆದರು. ಎರಡು ತೊಂದರೆಗಳು ಎದುರಾದವು.

ಮೊದಲನೆಯದು, ಮಡಿಕೆಯ ಗೆರೆಯಲ್ಲಿ ಹಾಳೆ ಬಿರಿದುಕೊಂಡಿತು. ಅರ್ಧ ತರಗತಿಯ ಕಾರ್ಡುಗಳಿಗೆ ಬೆನ್ನಿನಲ್ಲಿ ಬಿರುಕು. ಇನ್ನರ್ಧ ಹಾಳೆಗಳು ಮಾತ್ರ ಸೊಗಸಾಗಿ ಮಡಿಸಿಕೊಂಡವು. ಹಾಳೆ ಒಂದೇ, ಅಂಗಡಿ ಒಂದೇ. ಹಾಗಿದ್ದರೆ ಹೀಗೇಕೆ?

ಎರಡನೆಯದು ತೂಕದ ತೊಂದರೆ. 20 ಗ್ರಾಂವರೆಗಿನ ಕಾಗದಕ್ಕೆ 5 ರೂಪಾಯಿ ಅಂಚೆಚೀಟಿ ಸಾಕು. ಅದಕ್ಕಿಂತ ಒಂದು ಚೂರು ಹೆಚ್ಚಾದರೂ ಇನ್ನೊಂದು 5 ರೂಪಾಯಿ. ನಮ್ಮ ಕಾರ್ಡು ಎಷ್ಟು ತೂಗುತ್ತದೆ? ಶಾಲೆಯ ತಕ್ಕಡಿಗೆ ಅಷ್ಟು ಸೂಕ್ಷ್ಮವಿಲ್ಲ. ಒಬ್ಬ ಹುಡುಗಿ ಹೇಳಿದಳು: "ಸಾರ್, ನಮ್ಮನೆ ಹತ್ರ ಚಿನ್ನದಂಗಡಿ ಇದೆ." ಸಂಜೆ ಎಲ್ಲರೂ ಅಲ್ಲಿಗೆ ಹೋದೆವು. ಅಂಗಡಿಯವರು ಮೊದಲು ಬೆರಗಾದರು, ಆಮೇಲೆ ಉತ್ಸಾಹದಿಂದ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮೇಲೆ ಕಾರ್ಡು ಇಟ್ಟರು. ಬರಿಯ ಹಾಳೆ 15 ಗ್ರಾಂ 600 ಮಿಲಿ ಚಿಲ್ಲರೆ. ಲಕೋಟೆ 5 ಗ್ರಾಂ. ಕೂಡಿದರೆ 20 ದಾಟಿತು! ಚಮ್ಕಿ, ಅಂಟು ಹಚ್ಚಿದ ಕಾರ್ಡುಗಳ ಮಾತು ಕೇಳುವುದೇ ಬೇಡ.

ಅಲ್ಲೇ ಚಿನ್ನದಂಗಡಿಯ ಮೆಟ್ಟಿಲ ಮೇಲೆ ಲೆಕ್ಕ ಮಾಡಿದೆವು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. ಎ-0 ಎಂಬ ಅಳತೆಯ ಹಾಳೆ ಸರಿಯಾಗಿ ಒಂದು ಚದರ ಮೀಟರ್. ಅದನ್ನು ಅರ್ಧ ಮಾಡಿದರೆ ಎ-1, ಮತ್ತೆ ಅರ್ಧ ಎ-2, ಹಾಗೆ ನಾಲ್ಕು ಸಲ ಮಾಡಿದರೆ ಎ-4. ಅಂದರೆ ಎ-4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಪಾಲು. 250ನ್ನು 16ರಿಂದ ಭಾಗಿಸಿ: 15.6. ಜೆರಾಕ್ಸ್ ಅಂಗಡಿಯ 80 ಜಿಎಸ್‌ಎಂ ಹಾಳೆಗೆ 80 ಭಾಗಿಸು 16, ಸರಿಯಾಗಿ 5 ಗ್ರಾಂ. ತಕ್ಕಡಿ ಹೇಳಿದ್ದೂ ಅದನ್ನೇ. ಪುಸ್ತಕದ ಲೆಕ್ಕ ಹಾಗೂ ಚಿನ್ನದಂಗಡಿಯ ಲೆಕ್ಕ ಎರಡೂ ಒಂದೇ ಆದಾಗ ಮಕ್ಕಳ ಮುಖ ನೋಡಬೇಕಿತ್ತು. ಹಿಂದಿನ ವಾರ ನಾನು ಕರಿಹಲಗೆಯ ಮೇಲೆ ಇದನ್ನೇ ಹೇಳಿದ್ದಾಗ ಅರ್ಧ ತರಗತಿ ಆಕಳಿಸಿತ್ತು.

ಕಾರ್ಡನ್ನು ಅರ್ಧ ಮಾಡಿದರೆ ತೂಕದ ತೊಂದರೆ ತೀರಿತು: 7.8 ಗ್ರಾಂ ಕಾರ್ಡು, 5 ಗ್ರಾಂ ಲಕೋಟೆ. ಆದರೆ ಬಿರುಕಿನ ಪ್ರಶ್ನೆ ಉಳಿಯಿತು. ಪಾಳ್ಯದ ಅಂಗಡಿಯವರಿಗೆ ಗೊತ್ತಿರಲಿಲ್ಲ. "ಕಾಗದದ ವಿಷಯ ಬೇಕಾದರೆ ಸುಲ್ತಾನ್‌ಪೇಟೆಗೆ ಹೋಗಿ, ನಾವೂ ಅಲ್ಲಿಂದಲೇ ತರೋದು" ಎಂದರು. ಹಾಗಾಗಿ ಆ ಶನಿವಾರದ ಪ್ರಯಾಣ.

ರೈಲಿನಲ್ಲಿ ಬಂದ ಪ್ರಶ್ನೆ

ಸಿಂಗಯ್ಯನಪಾಳ್ಯ, ಕೆ.ಆರ್.ಪುರ, ಬೆನ್ನಿಗಾನಹಳ್ಳಿ. ರೈಲು ಬಯಲಿನಿಂದ ಊರಿನೊಳಕ್ಕೆ ನುಗ್ಗುತ್ತದೆ. ಇಂದಿರಾನಗರ, ಹಲಸೂರು ದಾಟುವಾಗ ಕಿಟಕಿಯ ಹೊರಗೆ ಬಿದಿರು ಕಡ್ಡಿಗೆ ಬಣ್ಣದ ಕಾಗದ ಸುತ್ತಿದ ನಕ್ಷತ್ರಗಳು ಕಂಡವು. ಕ್ರಿಸ್‌ಮಸ್ ಹತ್ತಿರವಿತ್ತು. ಇದು 1809ರಲ್ಲಿ ಬ್ರಿಟಿಷರು ಹೂಡಿದ ದಂಡು ಪ್ರದೇಶ. ಇಂದಿಗೂ ಡಿಸೆಂಬರ್ ಬಂದರೆ ಶಿವಾಜಿನಗರ, ಹಲಸೂರುಗಳ ಬೀದಿಗೆ ಬೇರೆಯದೇ ಕಳೆ. ಅಂಗಡಿಯಲ್ಲಿ ಮಾರುವ ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದು 1843ರಲ್ಲಿ, ಲಂಡನ್ನಿನಲ್ಲಿ. ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಬಂದ ಪತ್ರಗಳಿಗೆಲ್ಲ ಉತ್ತರ ಬರೆಯಲು ಪುರುಸೊತ್ತಿರಲಿಲ್ಲವಂತೆ. ಚಿತ್ರಕಾರನೊಬ್ಬನಿಂದ ಚಿತ್ರ ಬರೆಸಿ, ಅಚ್ಚು ಹಾಕಿಸಿ, ಹೆಸರಷ್ಟೇ ತುಂಬಿ ಕಳಿಸಿದ. ಮಿಕ್ಕವನ್ನು ಒಂದು ಶಿಲ್ಲಿಂಗಿಗೆ ಮಾರಿದರು. ಅಂದರೆ ರೆಡಿಮೇಡ್ ಕಾರ್ಡು ಹುಟ್ಟಿದ್ದೇ ಪುರುಸೊತ್ತಿಲ್ಲದವರಿಗಾಗಿ.

ಈ ಕತೆ ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಹುಡುಗ ಕೇಳಿದ: "ಸಾರ್, ಅಂಗಡಿ ಕಾರ್ಡೇ ತಂದು ಕೊಟ್ಟರೆ ಮಾರ್ಕ್ಸ್ ಕಟ್ ಮಾಡ್ತೀರಾ? ಅದು ನಮ್ಮದಕ್ಕಿಂತ ನೀಟಾಗಿರುತ್ತೆ."

ರೈಲು ಎಂ.ಜಿ. ರಸ್ತೆ ದಾಟಿ ನೆಲದೊಳಗೆ ಇಳಿಯಿತು. ಕಿಟಕಿ ಕತ್ತಲಾಯಿತು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಇದೇ 'ನೀಟು' ಎಂಬ ಪದ ನನ್ನಿಂದ ಒಂದು ತಪ್ಪು ಮಾಡಿಸಿತ್ತು.

2003ರ ಮಾತು. ಆಗ ನಾನು ಈ ಭಾಗದಲ್ಲೇ ಬೇರೊಂದು ಶಾಲೆಯಲ್ಲಿದ್ದೆ. ವಿಜ್ಞಾನ ವಸ್ತುಪ್ರದರ್ಶನ ನಡೆದಿತ್ತು. ಒಂದು ಮೇಜಿನ ಮೇಲೆ ಥರ್ಮೋಕೋಲಿನ ದೊಡ್ಡ ಕಣ್ಣಿನ ಮಾದರಿ. ಅಂಗಡಿಯಲ್ಲಿ ಕೊಂಡದ್ದು ಎಂದು ಯಾರಿಗಾದರೂ ತಿಳಿಯುತ್ತಿತ್ತು, ನನಗೂ ತಿಳಿದಿತ್ತು. ಪಕ್ಕದ ಮೇಜಿನ ಮೇಲೆ ಒಬ್ಬ ಹುಡುಗಿ ತಾನೇ ಮಾಡಿದ ಸೂಕ್ಷ್ಮದರ್ಶಕ. ಟೂತ್‌ಪೇಸ್ಟಿನ ಡಬ್ಬಿಯೇ ಕಂಬ, ಲಗ್ನಪತ್ರಿಕೆಯ ದಪ್ಪ ಹಾಳೆಯೇ ತೋಳು. ಹಾಳೆಯಲ್ಲಿ ಒಂದು ಸಣ್ಣ ತೂತು. ಕಾಗದ ನೀರು ಹೀರದಂತೆ ತೂತಿನ ಸುತ್ತ ಮೇಣದಬತ್ತಿ ಉಜ್ಜಿದ್ದಳು. ತೂತಿನಲ್ಲಿ ನಿಂತ ಒಂದು ಹನಿ ನೀರೇ ಮಸೂರ. ಕೆಳಗೆ ಒಡೆದ ಕನ್ನಡಿಯ ಚೂರು, ಬೆಳಕಿಗೆ. ನಾನು ಎತ್ತಿ ನೋಡಲು ಹೋದೆ. ಹನಿ ಉದುರಿತು, ಡಬ್ಬಿ ವಾಲಿತು. "ನೀಟಾಗಿಲ್ಲವಲ್ಲಮ್ಮ" ಎಂದು ಹೇಳಿ ಮುಂದೆ ಹೋದೆ. ಕಣ್ಣಿನ ಮಾದರಿಗೆ ಹತ್ತಕ್ಕೆ ಒಂಬತ್ತು, ಹನಿಯ ಮಸೂರಕ್ಕೆ ಹತ್ತಕ್ಕೆ ನಾಲ್ಕು.

ಸಂಜೆ ಬಾಗಿಲು ಹಾಕುವಾಗ ಅದು ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ಅವಳೇ ಹಾಕಿ ಹೋಗಿದ್ದಳು. ಏನೋ ಅನ್ನಿಸಿ ಎತ್ತಿಕೊಂಡೆ. ಅಡುಗೆಯವರ ಹತ್ತಿರ ಈರುಳ್ಳಿ ಸಿಪ್ಪೆಯ ತೆಳು ಪೊರೆ ಕೇಳಿ, ಒಂದು ಹನಿ ನೀರು ನಿಲ್ಲಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮಸುಕಾಗಿ, ಆದರೆ ನಿಜವಾಗಿಯೂ, ಇಟ್ಟಿಗೆ ಜೋಡಿಸಿದಂತೆ ಕೋಶಗಳ ಗೆರೆಗಳು ಕಂಡವು.

ಮಾರನೆಯ ದಿನ ಅವಳನ್ನು ಕರೆದು ನನ್ನದು ತಪ್ಪಾಯಿತು ಎನ್ನಬೇಕಿತ್ತು. ಮೇಷ್ಟರೆಂಬ ಬಿಂಕ ಅಡ್ಡ ಬಂತು. ನಾಳೆ ಹೇಳೋಣ, ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಏಪ್ರಿಲ್‌ನಲ್ಲಿ ಅವಳ ತಂದೆಯ ಕೆಲಸದ ಜಾಗ ಬದಲಾಯಿತು, ಅವಳು ಟಿ.ಸಿ. ತೆಗೆದುಕೊಂಡು ಹೋದಳು. ಆ ಟಿ.ಸಿ. ಬರೆದವನೂ ನಾನೇ.

ಹದಿನೇಳನೇ ಶತಮಾನದಲ್ಲಿ ಹಾಲೆಂಡಿನ ಲೀವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಬ್ಯಾಕ್ಟೀರಿಯಾಗಳನ್ನು ಮೊದಲು ಕಂಡದ್ದು ಇಂಥದೇ ಒಂಟಿ ಮಸೂರದಿಂದ, ಸಾಸಿವೆಯಷ್ಟು ಗಾಜಿನ ಗುಂಡಿನಿಂದ. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಹಾಗೂ ಸಂಗಡಿಗರು 'ಫೋಲ್ಡ್‌ಸ್ಕೋಪ್' ಎಂಬ ಮಡಿಸುವ ಕಾಗದದ ಸೂಕ್ಷ್ಮದರ್ಶಕವನ್ನು ಜಗತ್ತಿಗೆ ತೋರಿಸಿದರು. ಒಂದು ಡಾಲರಿಗಿಂತ ಕಡಿಮೆ ಬೆಲೆಯ ಸಾಮಗ್ರಿ, ಕಾಗದದ ಹಾಳೆ, ಪುಟ್ಟ ಗಾಜಿನ ಗುಂಡು. ಪತ್ರಿಕೆಯಲ್ಲಿ ಆ ಚಿತ್ರ ನೋಡಿದ ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ.

ಇದನ್ನೆಲ್ಲ ರೈಲಿನಲ್ಲಿ ಮಕ್ಕಳಿಗೆ ಹೇಳಿದೆ. ಹುಡುಗ ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಕೇಳಿದ: "ಅದು ಈಗ ಎಲ್ಲಿದೆ ಸಾರ್?"

"ನನ್ನ ಬೀರುವಿನಲ್ಲಿ" ಎಂದೆ.

ಸುಲ್ತಾನ್‌ಪೇಟೆಯ ಪಾಠ

ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಒಂದೇ ನಿಲ್ದಾಣ, ಚಿಕ್ಕಪೇಟೆ. ಮೇಲೆ ಬಂದರೆ ಹಳೆಯ ಪೇಟೆಯ ಗಿಜಿಗಿಜಿ. ಸುಲ್ತಾನ್‌ಪೇಟೆಯ ಬೀದಿಗಳಲ್ಲಿ ಲಗ್ನಪತ್ರಿಕೆಯ ಅಂಗಡಿ ಪಕ್ಕದಲ್ಲಿ ಲಗ್ನಪತ್ರಿಕೆಯ ಅಂಗಡಿ, ಕಾಗದದ ಗೋದಾಮಿನ ಎದುರು ಕಾಗದದ ಗೋದಾಮು. ತಲೆಯ ಮೇಲೆ ರೀಮುಗಳನ್ನು ಹೊತ್ತ ಹಮಾಲರು "ಸೈಡ್, ಸೈಡ್" ಎನ್ನುತ್ತ ನುಸುಳುತ್ತಾರೆ. ಎಲ್ಲಿಂದಲೋ ಕತ್ತರಿಸುವ ಯಂತ್ರದ ಧಡ್ ಧಡ್ ಸದ್ದು. ಅಚ್ಚಿನ ಶಾಯಿಯ ವಾಸನೆ.

ಒಂದು ಅಂಗಡಿಯಲ್ಲಿ ಹಿರಿಯರೊಬ್ಬರು ಕೂತಿದ್ದರು. ನಾವು ಬಂದ ಕಾರಣ ಹೇಳಿ ಬಿರುಕುಬಿಟ್ಟ ಕಾರ್ಡನ್ನು ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. "ಅಡ್ಡ ಮಡಿಸಿದ್ದೀರಿ ಮೇಷ್ಟ್ರೇ. ಕಾಗದಕ್ಕೂ ಎಳೆ ಇರುತ್ತೆ, ಬಟ್ಟೆಗೆ ಇದ್ದ ಹಾಗೆ" ಎಂದು ಒಂದು ಹಾಳೆಯನ್ನು ಉದ್ದಕ್ಕೆ ಹರಿದು ತೋರಿಸಿದರು. ಗೆರೆ ಎಳೆದಂತೆ ನೇರವಾಗಿ ಹರಿಯಿತು. ಅದನ್ನೇ ಅಡ್ಡಕ್ಕೆ ಹರಿದರು. ಹಾವಿನಂತೆ ಡೊಂಕಾಯಿತು.

ನನಗೆ ಥಟ್ಟನೆ ಅರ್ಥವಾಯಿತು. ಕಾಗದ ಎಂದರೆ ಸಸ್ಯದ ನಾರು. ಸೆಲ್ಯುಲೋಸಿನ ಎಳೆಗಳನ್ನು ನೀರಿನಲ್ಲಿ ತೇಲಿಸಿ, ಜಾಲರಿಯ ಮೇಲೆ ಹರಡಿ, ನೀರು ಬಸಿದು ಒಣಗಿಸಿದರೆ ಆ ನಾರುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹಿಡಿದಿಡುವುದು ಅಂಟಲ್ಲ, ಹೈಡ್ರೋಜನ್ ಬಂಧ. ಅದಕ್ಕೇ ನೀರು ಬಿದ್ದ ಕಾಗದ ಸತ್ವ ಕಳೆದುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಜಾಲರಿ ರಭಸದಿಂದ ಮುಂದಕ್ಕೆ ಓಡುತ್ತಿರುವುದರಿಂದ ಹೆಚ್ಚಿನ ನಾರುಗಳು ಓಟದ ದಿಕ್ಕಿಗೆ ತಿರುಗಿ ಮಲಗುತ್ತವೆ. ಅದೇ ಎಳೆ. ಎಳೆಯ ಜೊತೆಗೆ ಮಡಿಸಿದರೆ ಹಾಳೆ ಬಾಗುತ್ತದೆ, ಎಳೆಗೆ ಅಡ್ಡಲಾಗಿ ಮಡಿಸಿದರೆ ನಾರು ಮುರಿದು ಬಿರಿಯುತ್ತದೆ. ಕೈಯಿಂದ ಮಾಡಿದ ಕಾಗದದಲ್ಲಿ ನಾರು ಎಲ್ಲ ದಿಕ್ಕಿಗೂ ಹರಡಿರುವುದರಿಂದ ಈ ಭೇದ ಅಷ್ಟಾಗಿ ಇರುವುದಿಲ್ಲ. ಮೂವತ್ತು ವರ್ಷ ಹತ್ತಿರ ವಿಜ್ಞಾನ ಹೇಳಿಕೊಟ್ಟಿದ್ದೇನೆ. ದಿನವೂ ಮುಟ್ಟುವ ಕಾಗದಕ್ಕೆ ಎಳೆ ಇದೆ ಎಂಬುದನ್ನು ಆ ಹೊತ್ತು ಅಂಗಡಿಯ ಕಟ್ಟೆಯ ಮೇಲೆ ಕಲಿತೆ.

"ಮತ್ತೆ ನೋಟು ಯಾಕೆ ಹರಿಯಲ್ಲ? ಅಪ್ಪನ ಜೇಬಲ್ಲಿ ಒಗೆದರೂ ಹಾಗೇ ಇರುತ್ತೆ" ಎಂದು ಒಬ್ಬಳು ಕೇಳಿದಳು. ನೋಟಿನ ಕಾಗದ ಮರದ ತಿರುಳಿನದ್ದಲ್ಲ, ಹತ್ತಿಯದ್ದು. ಹತ್ತಿಯ ನಾರು ಉದ್ದ, ಗಟ್ಟಿ. ಆ ಕಾಗದ ಮಾಡುವ ಕಾರ್ಖಾನೆ ನಮ್ಮ ಮೈಸೂರಿನಲ್ಲೇ ಇದೆ. ಇನ್ನು ವೃತ್ತಪತ್ರಿಕೆ ಬಿಸಿಲಿಗೆ ಹಳದಿಯಾಗುವುದು ಅದರಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶದಿಂದ.

ಅಂಗಡಿಯ ಮೂಲೆಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ ಕಂಡಿತು. ಅದನ್ನು ತೋರಿಸಿ ಮಕ್ಕಳಿಗೆ ಕಡತದ ಕತೆ ಹೇಳಿದೆ. ಈಗ ನಾವು ಸರ್ಕಾರಿ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಹಿಂದೆ ಕಡತವೆಂದರೆ ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುವುದು, ಬೇಡವಾದರೆ ಅಳಿಸುವುದು. ನಮ್ಮ ಶಾನುಭೋಗರ, ವ್ಯಾಪಾರಿಗಳ ಲೆಕ್ಕಗಳು ಅದರಲ್ಲೇ ಇರುತ್ತಿದ್ದವು. ಶೃಂಗೇರಿ ಮಠದ ಕಡತಗಳಂತೂ ಇತಿಹಾಸಕಾರರಿಗೆ ದೊಡ್ಡ ಆಕರ. ಹುಣಸೆಬೀಜ, ಇದ್ದಿಲು, ಹಳೆಯ ಬಟ್ಟೆ: ಮೂರೂ ಮನೆಯಲ್ಲೇ ಸಿಗುವ ವಸ್ತುಗಳು. ಕರ್ನಾಟಕದ ಮಕ್ಕಳು ಕರಕುಶಲಕ್ಕೆ ಬೇರೆಲ್ಲೂ ಹೋಗಿ ಮಾದರಿ ಹುಡುಕಬೇಕಾಗಿಲ್ಲ.

ಹಿರಿಯರು ಕತ್ತರಿಸಿ ಉಳಿದ ತುಂಡು ಹಾಳೆಗಳ ಒಂದು ದೊಡ್ಡ ಕಟ್ಟನ್ನು ತೂಕಕ್ಕೆ ಕೊಟ್ಟರು. ಹಳೆಯ ಮಾದರಿ ಪತ್ರಿಕೆಗಳನ್ನು ಮೇಲೆ ಹಾಕಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಆರು ಮಕ್ಕಳೂ ಸರದಿಯ ಮೇಲೆ ಹೊತ್ತುಕೊಂಡು ಪಾಳ್ಯಕ್ಕೆ ಮರಳಿದೆವು.

ಅರಿಶಿನದ ಕಾರ್ಡು

ಓದುವ ಮಕ್ಕಳಿಗಾಗಿ ನಾವು ಮಾಡಿದ ಒಂದು ಕಾರ್ಡಿನ ವಿಧಾನ ಹೇಳುತ್ತೇನೆ. ಎನ್‌ಸಿಇಆರ್‌ಟಿಯ ಹಿಂದಿನ ಏಳನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠವಿತ್ತು. ಅದರಲ್ಲಿ ಅಮ್ಮನ ಹುಟ್ಟುಹಬ್ಬಕ್ಕೆ ಇಂಥ ಕಾರ್ಡು ಮಾಡುವ ಚಟುವಟಿಕೆ ಇತ್ತು. ಪ್ರಶ್ನೋತ್ತರ ಬರೆಸುವ ಗಡಿಬಿಡಿಯಲ್ಲಿ ನಾನೂ ಎಷ್ಟೋ ವರ್ಷ ಅದನ್ನು ಹಾರಿಸಿಬಿಟ್ಟಿದ್ದೆ.

ನುಣುಪಿಲ್ಲದ ಡ್ರಾಯಿಂಗ್ ಹಾಳೆ ತೆಗೆದುಕೊಳ್ಳಿ. ಹೊಳೆಯುವ ಹಾಳೆ ಬೇಡ, ಅದು ನೀರು ಹೀರುವುದಿಲ್ಲ. ಮೊದಲು ಹಾಳೆಯನ್ನು ಒತ್ತದೆ ಎರಡು ಕಡೆಗೂ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಾಗುತ್ತದೋ ಅದೇ ಎಳೆಯ ದಿಕ್ಕು, ಅಲ್ಲಿಯೇ ಮಡಿಸಿ. ಒಂದು ಚಮಚ ಅರಿಶಿನಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹಾಳೆಗೆ ತೆಳ್ಳಗೆ ಬಳಿದು ನೆರಳಿನಲ್ಲಿ ಒಣಗಿಸಿ. ಬಟ್ಟೆ ಸೋಪನ್ನು ನೀರಿನಲ್ಲಿ ಕರಗಿಸಿ, ಕಡ್ಡಿಗೆ ಹತ್ತಿ ಸುತ್ತಿ ಅದರಲ್ಲಿ ಅದ್ದಿ ಹಳದಿ ಹಾಳೆಯ ಮೇಲೆ ಹೂವೋ ಹೆಸರೋ ಬರೆಯಿರಿ. ಬರೆದಲ್ಲೆಲ್ಲ ಕೆಂಪು ಮೂಡುತ್ತದೆ! ಅರಿಶಿನದಲ್ಲಿರುವ ಕರ್ಕ್ಯುಮಿನ್ ಪ್ರತ್ಯಾಮ್ಲ ತಗುಲಿದರೆ ಕೆಂಪಾಗುತ್ತದೆ. ಆ ಕೆಂಪಿನ ಮೇಲೆ ನಿಂಬೆರಸ ಮುಟ್ಟಿಸಿ, ಮತ್ತೆ ಹಳದಿ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿ ಓಕುಳಿ ಮಾಡುವ ನಿಮ್ಮ ಅಜ್ಜಿಗೆ ಇದು ಹೊಸದೇನಲ್ಲ. ಅವರು ಬರೆದಿಟ್ಟಿಲ್ಲ, ಅಷ್ಟೇ. ಸುಣ್ಣ ಕಣ್ಣಿಗೆ ಅಪಾಯ, ಆದ್ದರಿಂದ ಮಕ್ಕಳು ಸೋಪಿನ ನೀರನ್ನೇ ಬಳಸಲಿ. ಕಾರ್ಡನ್ನು ಬಿಸಿಲಿನಲ್ಲಿ ಇಡಬೇಡಿ, ಬೆಳಕಿಗೆ ಅರಿಶಿನದ ಬಣ್ಣ ಮಾಸುತ್ತದೆ.

ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಐದು ಎಸಳಿನ ಹೂವು. ಹಳೆಯ ಲಗ್ನಪತ್ರಿಕೆಯ ಗಣಪತಿಯನ್ನು ಕತ್ತರಿಸಿ ಅಂಟಿಸಿದರೆ ಮುಖಪುಟ ಸಿದ್ಧ. ಲಕೋಟೆ ಮಾಡುವುದು ತಿಳಿಯದಿದ್ದರೆ ಮನೆಗೆ ಬಂದ ಒಂದು ಲಕೋಟೆಯ ಅಂಟನ್ನು ಜೋಪಾನವಾಗಿ ಬಿಡಿಸಿ ಹರಡಿ ನೋಡಿ, ಅದೇ ನಿಮ್ಮ ನಕ್ಷೆ.

ಪೋಷಕರಲ್ಲಿ ಒಂದು ಮಾತು

"ಇದರಿಂದ ಮಾರ್ಕ್ಸ್ ಬರುತ್ತಾ ಸಾರ್?" ಎಂದು ತಂದೆ ತಾಯಂದಿರು ಕೇಳುತ್ತಾರೆ. ತಪ್ಪಲ್ಲ, ಅವರ ಕಷ್ಟ ಅವರಿಗೆ. ನನ್ನ ಉತ್ತರ ಇಷ್ಟೇ. ಮದ್ರಾಸಿನಲ್ಲಿ 1893ರಲ್ಲಿ ಟಿ. ಸುಂದರ ರಾವ್ ಎಂಬವರು ಬರಿಯ ಕಾಗದ ಮಡಿಸಿ ರೇಖಾಗಣಿತ ಕಲಿಯುವ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ಬರೆದರು. ಕಂದಾಯ ಇಲಾಖೆಯ ನೌಕರಿಯಲ್ಲಿದ್ದವರು ಅವರು. ಜರ್ಮನಿಯ ಹೆಸರಾಂತ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಗುರುತಿಸಿದರು, ಅಮೆರಿಕದಲ್ಲಿ ಅದು ಮರುಮುದ್ರಣ ಕಂಡಿತು. ಒಂದು ಹಾಳೆ ಕಾಗದ ಇಷ್ಟು ದೂರ ಒಯ್ಯಬಲ್ಲದು.

ಆದರೆ ಅದು ದೊಡ್ಡವರ ಮಾತಾಯಿತು. ನಾನು ಕಂಡದ್ದನ್ನು ಹೇಳುತ್ತೇನೆ. ಕೊಂಡು ತಂದ ಮಾದರಿಯಲ್ಲಿ ತಪ್ಪು ಕಾಣಿಸುವುದಿಲ್ಲ, ಆದ್ದರಿಂದ ಮಗು ಕೇಳುವ ಪ್ರಶ್ನೆಯೂ ಇರುವುದಿಲ್ಲ. ತಾನೇ ಮಾಡಿದ ಕಾರ್ಡಿನ ಬೆನ್ನು ಬಿರಿದಾಗ ಮಗು "ಯಾಕೆ?" ಎನ್ನುತ್ತದೆ. ಆ ಒಂದು 'ಯಾಕೆ' ನಮ್ಮನ್ನು ಚಿನ್ನದಂಗಡಿಗೆ, ಸುಲ್ತಾನ್‌ಪೇಟೆಗೆ, ಹತ್ತಿಯ ನಾರಿನವರೆಗೆ ಕರೆದೊಯ್ದಿತು. ಪ್ರಾಜೆಕ್ಟಿಗೆಂದು ಅಂಗಡಿಗೆ ಓಡುವ ಮೊದಲು ಒಂದು ಸಂಜೆ ಮಗುವಿನ ಪಕ್ಕ ಕೂತುಕೊಳ್ಳಿ. ಕತ್ತರಿ ನೀವು ಹಿಡಿಯಬೇಡಿ, ಅವರ ಕೈಗೇ ಕೊಡಿ. ಗೆರೆ ಡೊಂಕಾದರೆ ಆಗಲಿ. ಇನ್ನು ನನ್ನಂಥ ಮೇಷ್ಟರುಗಳಿಗೂ ಅದೇ ಮಾತು: ನೀಟಿಗೆ ಅಂಕ ಕೊಡುತ್ತ ಹೋದರೆ ಮಕ್ಕಳು ಕಲಿಯುವುದು ಕೊಳ್ಳುವುದನ್ನು.

ಕೆಂಪು ಡಬ್ಬಿ

ನಲವತ್ತು 'ಅರಿಶಿನದ ಕಾರ್ಡು'ಗಳನ್ನು ಮಹದೇವಪುರದ ಅಂಚೆ ಕಚೇರಿಗೆ ಒಯ್ದೆವು. ಪಿನ್‌ಕೋಡು ಎಂಬ ಆರು ಅಂಕಿಯ ಸಂಖ್ಯೆ 1972ರ ಆಗಸ್ಟ್ 15ರಂದು ಬಂತು, ಮೊದಲ ಮೂರು ಅಂಕಿ ಕಾಗದ ಯಾವ ಭಾಗಕ್ಕೆ ಹೋಗಬೇಕೆಂದು ವಿಂಗಡಿಸುವವರಿಗೆ ಹೇಳುತ್ತವೆ ಎಂದೆಲ್ಲ ದಾರಿಯಲ್ಲಿ ವಿವರಿಸಿದ್ದೆ. ಆದರೂ ಜೇವರ್ಗಿ ಕಡೆಯ ಹುಡುಗ ಡಬ್ಬಿಯ ಬಾಯಿಗೆ ಕಾರ್ಡು ಹಿಡಿದು ಬಿಡಲು ಹಿಂಜರಿದ. "ಖರೇನ ನಮ್ಮ ಆಯಿ ಮನೀಗೆ ಹೋಗ್ತದೇನ್ರಿ ಸರ್?" ಎಂದು ಎರಡು ಸಲ ಕೇಳಿದ.

ಒಂಬತ್ತು ದಿನಕ್ಕೆ ಅವರಮ್ಮನಿಗೆ ಫೋನು ಬಂತಂತೆ. ಆಯಿಗೆ ಓದು ಬಾರದು, ಪಕ್ಕದ ಮನೆಯ ಹುಡುಗಿ ಓದಿ ಹೇಳಿದಳಂತೆ. ಆಯಿ ಕಾರ್ಡನ್ನು ಮೂಗಿಗೆ ಹಿಡಿದು "ಅರಿಶಿನ ಐತಿ ಇದು" ಎಂದು ಗುರುತು ಹಿಡಿದು, ದೇವರ ಮಾಡದಲ್ಲಿ ಇಟ್ಟಿದ್ದಾರಂತೆ. ಹುಡುಗ ಇದನ್ನು ತರಗತಿಯಲ್ಲಿ ಎದ್ದು ನಿಂತು ಹೇಳಿದ. ಮೂರು ಕಾರ್ಡುಗಳು 'ವಿಳಾಸ ಅಪೂರ್ಣ' ಎಂದು ಹಿಂದಿರುಗಿದವು. ಅವುಗಳಿಗೆ ಪಿನ್‌ಕೋಡು ಬರೆದು ಮತ್ತೆ ಹಾಕಿದೆವು.

ಈ ಸಲದ ವಸ್ತುಪ್ರದರ್ಶನದಲ್ಲಿ ಬೀರುವಿನಿಂದ ಆ ಟೂತ್‌ಪೇಸ್ಟು ಡಬ್ಬಿಯ ಸೂಕ್ಷ್ಮದರ್ಶಕವನ್ನು ತೆಗೆದು ಮೊದಲ ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ಒಂದು ಲೋಟ ನೀರು, ಒಂದು ಚೂರು ಈರುಳ್ಳಿ ಸಿಪ್ಪೆ. ಮಕ್ಕಳು ಸಾಲುಗಟ್ಟಿ ನಿಂತು ನೋಡಿದರು. ಹನಿ ಉದುರಿದಾಗಲೆಲ್ಲ ಯಾರೋ ಒಬ್ಬರು ಇನ್ನೊಂದು ಹನಿ ನಿಲ್ಲಿಸುತ್ತಿದ್ದರು. ಅದನ್ನು ಮಾಡಿದವಳ ಹೆಸರನ್ನು ಅಲ್ಲಿ ಚೀಟಿಯ ಮೇಲೆ ಬರೆದಿದ್ದೆ, ಇಲ್ಲಿ ಬರೆಯುವುದಿಲ್ಲ. ಈಗ ಅವಳಿಗೇ ಶಾಲೆಗೆ ಹೋಗುವ ಮಕ್ಕಳಿರಬಹುದು. ಎಲ್ಲಾದರೂ ಇದನ್ನು ಓದಿದರೆ ಅವಳಿಗೆ ಗುರುತು ಸಿಗುತ್ತದೆ. ಅಮ್ಮಾ, ಆ ಹತ್ತಕ್ಕೆ ನಾಲ್ಕನ್ನು ನಾನು ತಿದ್ದಿದ್ದೇನೆ, ಬಹಳ ತಡವಾಗಿ.